8×10 ಅಡಿ ಜಾಗಕ್ಕೆ 6×3 ಡೈನಿಂಗ್ ಟೇಬಲ್ ಹಿಡಿಸುತ್ತಾ?

ಮೂವತ್ತು_ನಲವತ್ತು:
30×40 ಸೈಟಿನ ಮನೆ. ಹಾಲ್‌ಗೂ ಅಡುಗೆಮನೆಗೂ ನಡುವೆ ಊಟಕ್ಕೆ ಬಿಟ್ಟಿರೋದು 8×10 ಅಡಿ. 10 ಅಡಿಯ ಒಂದು ಬದಿ ಗೋಡೆ, ಎದುರು ಬದಿ ಅಡುಗೆಮನೆಗೆ ಓಡಾಡೋ ದಾರಿ. 8 ಅಡಿಯ ಒಂದು ತುದಿಯಲ್ಲಿ ವಾಶ್‌ಬೇಸಿನ್ ಇದೆ, ಇನ್ನೊಂದು ತುದಿ ಹಾಲ್‌ಗೆ ತೆರೆದಿದೆ. ದಿನಾ ನಾಲ್ಕು ಜನ, ಹಬ್ಬಕ್ಕೆ ಏಳೆಂಟು. ಬಡಗಿ 6×3 ಅಂತಾರೆ, ಅಂಗಡಿಯಲ್ಲಿ 5×3ನ್ನೇ ‘ಸಿಕ್ಸ್ ಸೀಟರ್’ ಅಂತ ತೋರಿಸ್ತಾರೆ. ಯಾವುದು ಸರಿ? ಮೇಲೆ ಗ್ರಾನೈಟ್ ಹಾಕಿಸಬಹುದಾ?

ಉಳಿಬಾಚಿ:
ಟೇಬಲ್ ಆಮೇಲೆ, ಮೊದಲು ಕುರ್ಚಿಯ ಜಾಗ ಕಳೆಯಿರಿ. ಕೂತವರ ಬೆನ್ನು ಟೇಬಲ್ ಅಂಚಿನಿಂದ 18–20 ಇಂಚು ಹಿಂದಿರುತ್ತೆ. ಕುರ್ಚಿ ಸರಿಸಿ ಏಳೋಕೆ 30 ಇಂಚು ಬೇಕು. ಕೂತವರ ಹಿಂದೆ ಬಿಸಿ ಸಾರಿನ ಪಾತ್ರೆ ಹಿಡ್ಕೊಂಡು ದಾಟಬೇಕಂದ್ರೆ 36ಕ್ಕಿಂತ ಕಡಿಮೆ ಬೇಡ.

ನಿಮ್ಮ 8 ಅಡಿ ಅಂದ್ರೆ 96 ಇಂಚು. ದಾರಿಗೆ 36, ಟೇಬಲ್‌ಗೆ 36 ಹೋದರೆ ಗೋಡೆ ಬದಿ ಉಳಿಯೋದು 24. ಅಲ್ಲಿ ಕೂರಬಹುದು, ಏಳುವಾಗ ಮಾತ್ರ ಕುರ್ಚಿಯ ಬೆನ್ನು ಪ್ರತಿ ಸಲ ಗೋಡೆಗೆ ಬಡಿಯುತ್ತೆ. ಉದ್ದ 120 ಇಂಚು. ಬೇಸಿನ್ ಚಾಚಿರೋದು 18, ಅದರ ಮುಂದೆ ಬಗ್ಗಿ ಕೈ ತೊಳೆಯೋಕೆ 30. ಉಳಿಯೋದು ಸರಿಯಾಗಿ 72. ಅಂದ್ರೆ 6 ಅಡಿ ಟೇಬಲ್ ಹಿಡಿಸುತ್ತೆ, ಆದರೆ ತುದಿಯ ಕುರ್ಚಿ ಪೂರ್ತಿ ಹಾಲ್‌ನಲ್ಲಿ; ಬೇಸಿನ್ ಕಡೆ ಕುರ್ಚಿ ಹಾಕೋ ಹಾಗೇ ಇಲ್ಲ.

5 ಅಡಿ ಉದ್ದ, 33 ಇಂಚು ಅಗಲ ಮಾಡಿಸಿ. ಗೋಡೆ ಬದಿ ಕುರ್ಚಿ ಬಿಟ್ಟು ಬೆಂಚು ಹಾಕಿಸಿ. ಗೋಡೆಗೆ ಒರಗಿ ಕೂರೋಕೆ 18 ಇಂಚು ಸಾಕು.

ಇನ್ನೊಂದು, ಪ್ಲಾನಿನ 8 ಅಡಿಯನ್ನು ನಂಬಬೇಡಿ. ಪ್ಲಾಸ್ಟರ್ ಆದ ಮೇಲೆ, ಸ್ಕರ್ಟಿಂಗ್‌ನಿಂದ (ಗೋಡೆಯ ಬುಡದ ಟೈಲ್ ಅಂಚು) ಸ್ಕರ್ಟಿಂಗ್‌ಗೆ ಟೇಪ್ ಹಿಡಿಯಿರಿ. ಟೈಲ್ಸ್ ಎಣಿಸ್ತೀರಾದರೆ ನೆನಪಿಡಿ: ‘2×2’ ಅನ್ನೋ ಟೈಲ್ ನಿಜಕ್ಕೂ 600 ಮಿ.ಮೀ. ನಾಲ್ಕು ಟೈಲ್ ಸೇರಿದರೂ 94.5 ಇಂಚೇ.

ಕಾಲಂದಾಜು:
ಮೇಲಿನ ಲೆಕ್ಕ ಸರಿ, ಆದರೆ ಬೆಂಚಿನ ವಿಷಯದಲ್ಲಿ ಒಂದು ತೊಡಕಿದೆ. ಒಬ್ಬರಿಗೆ 24 ಇಂಚು ಅಗಲ ಬೇಕು, 22ಕ್ಕೆ ಸುಧಾರಿಸಬಹುದು. 60 ಇಂಚಿನ ಬದಿಯಲ್ಲಿ ಮೂವರಂದ್ರೆ ತಲಾ 20, ಮೊಣಕೈಗೆ ಮೊಣಕೈ ತಾಗುತ್ತೆ. 5×3ರಲ್ಲಿ ಆರು ಜನ ಅನ್ನೋದು ಎರಡು ತುದಿಯಲ್ಲೂ ಒಬ್ಬೊಬ್ಬರು ಕೂತಾಗ ಮಾತ್ರ ನಿಜ.

ಅದಕ್ಕಿಂತ ಮುಖ್ಯ ಕಾಲುಗಳು. 3 ಇಂಚಿನ ಕಾಲನ್ನು ಅಂಚಿನಿಂದ 2 ಇಂಚು ಒಳಗೆ ಕೂರಿಸಿದರೆ ನಡುವೆ ಸಿಗೋದು 50 ಇಂಚು. ಬೆಂಚು ಒಳಕ್ಕೆ ಜಾರಬೇಕಂದ್ರೆ 48 ಇಂಚು, ಅದು ಇಬ್ಬರಿಗೆ. ಮೂವರು ಕೂರಲೇಬೇಕಾದರೆ ನಾಲ್ಕು ಮೂಲೆಯ ಕಾಲು ಬಿಡಿ. ತುದಿಯಿಂದ ಒಂದಡಿ ಒಳಗೆ, ಅಗಲದ ನಟ್ಟನಡುವೆ ಒಂದೊಂದು ಕಂಬವಿರೋ ಟಿ-ಕಾಲು ಮಾಡಿಸಿ.

ಎತ್ತರ 30 ಇಂಚು, ಸೀಟು 18. ಹಲಗೆ 1 ಇಂಚು, ಅದನ್ನು ಹೊರೋ ಕೆಳಗಿನ ಮರದ ಪಟ್ಟಿ 4 ಇಂಚು ಆದರೆ ತೊಡೆಗೆ 7 ಇಂಚು ಸಿಗುತ್ತೆ. ಗ್ರಾನೈಟ್ ಎಡವೋದು ಇಲ್ಲೇ. 5×3ರ 18 ಮಿ.ಮೀ. ಚಪ್ಪಡಿ ಸುಮಾರು 68 ಕೆ.ಜಿ. ಅದನ್ನು ಹೊರೋಕೆ ಬಡಗಿ ಕೆಳಗೆ ಪ್ಲೈವುಡ್ ಕೊಟ್ಟು ಪಟ್ಟಿಯನ್ನು 6 ಇಂಚು ಮಾಡ್ತಾರೆ, ಎತ್ತರದವರ ಮಂಡಿ ತಾಗೋಕೆ ಶುರು. ಗುಡಿಸುವಾಗ ಎಳೆದಾಡಿದರೆ ಕಾಲಿನ ಜಾಯಿಂಟೂ ಸಡಿಲ ಆಗುತ್ತೆ. ತೇಗದ ಮೇಲ್ಹಲಗೆ ಸಾಕು. ಅದನ್ನೂ ಪಟ್ಟಿಗೆ ಬಿಗಿಯಾಗಿ ಸ್ಕ್ರೂ ಹೊಡೆಯಬಾರದು: ಮಳೆಗಾಲದಲ್ಲಿ ಮರ ಅಗಲಕ್ಕೆ ಹಿಗ್ಗುತ್ತೆ, ಬೇಸಿಗೆಯಲ್ಲಿ ಕುಗ್ಗುತ್ತೆ. ಸ್ಕ್ರೂ ತೂತು ಉದ್ದುದ್ದ ಇರಲಿ, ಇಲ್ಲದಿದ್ದರೆ ಸೀಳು ಖಚಿತ.

ಕುಡಿಬಾಳೆ:
33 ಇಂಚು ದಿನದ ತಟ್ಟೆ ಊಟಕ್ಕೆ ಓಕೆ. ಹಬ್ಬಕ್ಕೆ ಎಲೆ ಹಾಕಿದರೆ? ಎದುರುಬದುರು ಎಲೆಗಳು ತಲಾ 13–14 ಇಂಚು ತಿಂದರೆ ನಡುವೆ ಐದರಿಂದ ಏಳು ಇಂಚು ಉಳಿಯುತ್ತೆ, ನೀರಿನ ಲೋಟಕ್ಕೆ ಸರಿಹೋಯ್ತು. ಪಾತ್ರೆಗಳನ್ನು ಟೇಬಲ್ ಮೇಲೇ ಇಟ್ಟುಕೊಂಡು ಬಡಿಸಿಕೊಳ್ಳೋ ಮನೆಯಾದರೆ 36ಕ್ಕಿಂತ ಕಡಿಮೆ ಆಗಲ್ಲ. ನಿಂತು ಬಡಿಸೋ ಪದ್ಧತಿ ಇದ್ದರೆ 33 ಧಾರಾಳ. ವರ್ಷಕ್ಕೆ ನಾಲ್ಕು ದಿನ ಬರೋ ಎಂಟು ಜನಕ್ಕಾಗಿ ಉಳಿದ ದಿನವೆಲ್ಲ ಸೊಂಟ ತಾಗಿಸ್ಕೊಂಡು ಓಡಾಡೋದು ಯಾಕೆ? ಎರಡು ಪಂಕ್ತಿ ಮಾಡಿ.

ದುಂಡು ಟೇಬಲ್ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಆರು ಜನಕ್ಕೆ 54 ಇಂಚು ವ್ಯಾಸ ಬೇಕು, ದಾರಿ ಬಿಟ್ಟ ಮೇಲೆ ಗೋಡೆ ಬದಿ ಕೂರೋಕೆ ಜಾಗವೇ ಇರಲ್ಲ.

ಮೂವತ್ತು_ನಲವತ್ತು:
ಟೇಪ್ ಹಿಡಿದೆ, 94 ಇಂಚು ಬಂತು. ಬಡಿಸೋದು ನಿಂತೇ. ಟಿ-ಕಾಲು, 60×33, ಗೋಡೆ ಬದಿ 60 ಇಂಚಿನ ಬೆಂಚು ಅಂತ ಬಡಗಿಗೆ ಹೇಳಲಾ?

ಉಳಿಬಾಚಿ:
ಹೇಳಿ. ಬೆಂಚಿಗೆ 18, ಟೇಬಲ್‌ಗೆ 33 ಕಳೆದರೆ ದಾರಿ ಬದಿಗೆ 43 ಇಂಚು, ಆರಾಮ. ಮರ ಕೊಯ್ಯುವ ಮೊದಲು ಹಳೇ ಪೇಪರ್ ಅಂಟಿಸಿ ಅದೇ ಅಳತೆಯನ್ನು ನೆಲದ ಮೇಲೆ ಹಾಸಿ, ಅಂಚಿನಿಂದ 20 ಇಂಚಿಗೆ ಕುರ್ಚಿಯ ಬೆನ್ನು ಬರೋ ಹಾಗಿಟ್ಟು ಎರಡು ದಿನ ಓಡಾಡಿ ನೋಡಿ. ಫ್ರಿಜ್ ಆ ಕಡೆ ಇದ್ದರೆ ಬಾಗಿಲು ಪೂರ್ತಿ ತೆಗೆದೂ ನೋಡಿ.

ಮತ್ತೆ, ಟೇಬಲ್‌ನ ನಡು ಈಗ ಗೋಡೆಯಿಂದ 34.5 ಇಂಚಿಗೆ ಬರುತ್ತೆ, ಕೋಣೆಯ ನಡು 47ಕ್ಕೆ. ತೂಗುದೀಪ ಹಾಕಿಸೋದಿದ್ದರೆ ಎಲೆಕ್ಟ್ರಿಷಿಯನ್‌ಗೆ ಈಗಲೇ ಹೇಳಿ ಪಾಯಿಂಟನ್ನು ಒಂದಡಿ ಗೋಡೆ ಕಡೆಗೆ ಸರಿಸಿಕೊಳ್ಳಿ.