ಸಮೀಪದ ಹತ್ತಕ್ಕೆ, ನೂರಕ್ಕೆ ಅಂದಾಜಿಸುವುದನ್ನು ಮಕ್ಕಳಿಗೆ ಮನದಟ್ಟು ಮಾಡುವುದು ಹೇಗೆ?

ಪ್ರಶ್ನೆ: ನಾಲ್ಕನೇ ತರಗತಿಯ ನನ್ನ ಮಗಳು “ಐದು ಅಥವಾ ಹೆಚ್ಚಿದ್ದರೆ ಮೇಲಕ್ಕೆ, ಕಡಿಮೆಯಿದ್ದರೆ ಕೆಳಕ್ಕೆ” ಎಂಬ ನಿಯಮವನ್ನು ತಡವರಿಸದೆ ಹೇಳುತ್ತಾಳೆ. ಆದರೂ 62ನ್ನು ಸಮೀಪದ ಹತ್ತಕ್ಕೆ ಅಂದಾಜಿಸು ಎಂದರೆ 50 ಎಂದು ಬರೆಯುತ್ತಾಳೆ. ಅನುಭವವುಳ್ಳವರು ದಯವಿಟ್ಟು ದಾರಿ ತೋರಿಸಿ.

ಮೊದಲ ಉತ್ತರ: ಕೆಳಕ್ಕೆ ಎಂದೊಡನೆ ಹತ್ತರ ಸ್ಥಾನದಲ್ಲಿ ಒಂದನ್ನು ಕಳೆಯಬೇಕೆಂದು ಆಕೆ ತಿಳಿದಿರುವಂತಿದೆ, ನಾನು ಪಾಠ ಹೇಳುವ ಮಕ್ಕಳಲ್ಲಿಯೂ ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ನಿಯಮವನ್ನು ಕೆಲವು ದಿನ ಬದಿಗಿಟ್ಟು, ಈ ಸಂಖ್ಯೆ ಯಾವ ಎರಡು ಹತ್ತುಗಳ ನಡುವೆ ಇದೆ ಎಂದಷ್ಟೇ ಕೇಳಿ. ಒಂದು ಗೆರೆ ಎಳೆದು, ಎಡತುದಿಯಲ್ಲಿ 60, ಬಲತುದಿಯಲ್ಲಿ 70, ನಟ್ಟನಡುವೆ 65 ಎಂದು ಗುರುತಿಸಿ, 62 ಎಲ್ಲಿ ಬರುತ್ತದೆಂದು ಆಕೆಯೇ ಚುಕ್ಕೆ ಇಡಲಿ. 60ಕ್ಕೆ ಎರಡು ಹೆಜ್ಜೆ, 70ಕ್ಕೆ ಎಂಟು ಹೆಜ್ಜೆ ಎಂಬುದು ಕಣ್ಣಿಗೆ ಕಂಡ ಮೇಲೆ 50ರ ಮಾತು ತಾನಾಗಿಯೇ ಬಿಟ್ಟುಹೋಗುತ್ತದೆ, ಏಕೆಂದರೆ ಆ ಗೆರೆಯ ಮೇಲೆ 50 ಇಲ್ಲವೇ ಇಲ್ಲ. 65 ಮಾತ್ರ ಎರಡಕ್ಕೂ ಸಮದೂರದಲ್ಲಿದೆ. ಅಲ್ಲಿ 70 ಎಂದು ಬರೆಯುವುದು ಶಾಲೆಯ ಗಣಿತದಲ್ಲಿ ಒಪ್ಪಿಕೊಂಡಿರುವ ಪದ್ಧತಿಯೇ ಹೊರತು ಅದು ಹೆಚ್ಚು ಹತ್ತಿರವೆಂದಲ್ಲ. ಇದನ್ನು ಮಕ್ಕಳಿಗೆ ಮುಚ್ಚಿಡದೆ ಹೇಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಎರಡನೆಯ ಉತ್ತರ: ಮೇಲಿನ ಮಾತಿಗೆ ನನ್ನ ಸಹಮತವಿದೆ. ನೂರಕ್ಕೆ ಅಂದಾಜಿಸುವಾಗ ಇನ್ನೊಂದು ಎಚ್ಚರಿಕೆ ಬೇಕು. 2,448ನ್ನು ಕೆಲವು ಮಕ್ಕಳು ಮೊದಲು 2,450 ಮಾಡಿ, ಅದನ್ನೇ ಮತ್ತೆ 2,500ಕ್ಕೆ ಏರಿಸುತ್ತಾರೆ. ಮೂಲ ಸಂಖ್ಯೆ 2,400ರಿಂದ 48 ದೂರದಲ್ಲಿಯೂ 2,500ರಿಂದ 52 ದೂರದಲ್ಲಿಯೂ ಇರುವುದರಿಂದ ಸರಿಯುತ್ತರ 2,400. ನೂರಕ್ಕೆ ಅಂದಾಜಿಸುವಾಗ ಮೂಲ ಸಂಖ್ಯೆಯ ಹತ್ತರ ಸ್ಥಾನದ ಅಂಕಿಯನ್ನು ಮಾತ್ರ ನೋಡಬೇಕು, ಬಿಡಿಸ್ಥಾನದಿಂದ ಮೆಟ್ಟಿಲು ಹತ್ತಿ ಬರಬಾರದು.

ಪ್ರಶ್ನೆ ಕೇಳಿದವರು: ಗೆರೆ ಎಳೆದು ನೋಡಿದೆವು, 62 ಸರಿಹೋಯಿತು, ತುಂಬಾ ಧನ್ಯವಾದಗಳು. ಆದರೆ 3,996ನ್ನು ಸಮೀಪದ ಹತ್ತಕ್ಕೆ ಅಂದಾಜಿಸುವಾಗ, 9ರ ಮೇಲೆ ಇನ್ನೊಂದು ಸೇರಿದರೆ ಎಲ್ಲಿ ಬರೆಯಬೇಕೆಂದು ಕೇಳುತ್ತಿದ್ದಾಳೆ.

ಮೊದಲ ಉತ್ತರ ಬರೆದವರು: ಬಹಳ ಒಳ್ಳೆಯ ಪ್ರಶ್ನೆ. ಅಲ್ಲಿಯೂ ಗೆರೆಯನ್ನೇ ಎಳೆಯಿರಿ. 3,990 ಆದ ಮೇಲೆ ಬರುವ ಹತ್ತು ಯಾವುದೆಂದು ಹತ್ತತ್ತಾಗಿ ಎಣಿಸಿದರೆ 4,000 ಎಂದು ಆಕೆಯೇ ಹೇಳುತ್ತಾಳೆ, ದಶಕವನ್ನು ಎಲ್ಲಿ ಬರೆಯಬೇಕೆಂಬ ಗೊಂದಲಕ್ಕೆ ಆಸ್ಪದವೇ ಇರುವುದಿಲ್ಲ. ಅದೇ ಸಂಖ್ಯೆಯನ್ನು ನೂರಕ್ಕೆ, ಸಾವಿರಕ್ಕೆ ಅಂದಾಜಿಸಿದರೂ ಉತ್ತರ 4,000 ಆಗಿಯೇ ಇರುತ್ತದೆ. ಅದನ್ನು ಕಂಡು ಆಕೆ ಅನುಮಾನಪಟ್ಟರೆ, ಮೂರು ಗೆರೆಗಳನ್ನು ಒಂದರ ಕೆಳಗೊಂದು ಎಳೆದು ತೋರಿಸಿ.