ಅಪ್‌ಡೇಟ್: ಲ್ಯಾಪ್‌ಟಾಪ್ ಕೀಬೋರ್ಡ್ ಕೊನೆಗೂ ಸರಿಹೋಯಿತು

ಹೋದ ವಾರ ಕೇಳಿದ್ದೆನಲ್ಲ, ಲ್ಯಾಪ್‌ಟಾಪ್‌ನ ಸ್ವಂತ ಕೀಬೋರ್ಡ್‌ನಲ್ಲಿ ಒಂದು ಕೀಯೂ ಕೆಲಸ ಮಾಡುತ್ತಿಲ್ಲ, ಯುಎಸ್‌ಬಿ ಕೀಬೋರ್ಡ್ ಹಾಕಿದರೆ ಮಾತ್ರ ಟೈಪ್ ಆಗುತ್ತದೆ ಅಂತ. ಈಗ ಸರಿಹೋಗಿದೆ, ಇದನ್ನು ಅದರಲ್ಲೇ ಟೈಪ್ ಮಾಡುತ್ತಿದ್ದೇನೆ.

ಕೀಬೋರ್ಡ್ ಡ್ರೈವರ್ (ಅದನ್ನು ನಡೆಸುವ ಸಾಫ್ಟ್‌ವೇರ್) ತೆಗೆದು ರೀಸ್ಟಾರ್ಟ್ ಮಾಡಿದ್ದರಿಂದ ಏನೂ ಆಗಲಿಲ್ಲ. ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದದ್ದೂ ಸುಮ್ನೆ. ದಾರಿ ತೋರಿಸಿದ್ದು "ಬಯಾಸ್‌ಗೆ ಹೋಗಿ ನೋಡಿ" ಅಂದವರ ಸಲಹೆ. ಬಯಾಸ್ ಅಂದರೆ ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್ಸ್ ಪರದೆ. ಅಲ್ಲೂ ಬಾಣದ ಕೀಗಳು ಕೆಲಸ ಮಾಡಲಿಲ್ಲ. ಅಂದರೆ ತಪ್ಪು ವಿಂಡೋಸ್‌ದಲ್ಲ. ಎರಡು ಸಂಜೆ ಅದನ್ನು ಬೈದದ್ದೆಲ್ಲ ದಂಡ!

ಆಫ್ ಮಾಡಿ, ಹಿಂದಿನ ಮುಚ್ಚಳ ಬಿಚ್ಚಿ, ಮೊದಲು ಬ್ಯಾಟರಿ ಕನೆಕ್ಟರ್ ತೆಗೆದೆ. ಕೀಬೋರ್ಡಿನಿಂದ ಮದರ್‌ಬೋರ್ಡಿಗೆ ಹೋಗುವ ಚಪ್ಪಟೆ ಕೇಬಲ್ ಕೂದಲೆಳೆಯಷ್ಟು ಓರೆಯಾಗಿತ್ತು. ಅದನ್ನು ಹಿಡಿದಿಡುವ ಕಪ್ಪು ಪ್ಲಾಸ್ಟಿಕ್ ಚಿಲಕ ಅರ್ಧವಷ್ಟೇ ಮುಚ್ಚಿತ್ತು. ಹೋದ ತಿಂಗಳು ರ‍್ಯಾಮ್ ಹಾಕುವಾಗ ನನ್ನ ಕೈಯೇ ತಾಗಿರಬೇಕು. ಚಿಲಕವನ್ನು ಉಗುರಿನಿಂದ ಮೆಲ್ಲಗೆ ಎತ್ತಿ, ಕೇಬಲ್ ನೇರವಾಗಿ ಒಳಗೆ ತಳ್ಳಿ, ಮತ್ತೆ ಮುಚ್ಚಿದೆ. ಅಷ್ಟೇ. ಜಾಸ್ತಿ ಬಲ ಹಾಕಬೇಡಿ, ಅದು ಮುರಿದರೆ ಕಷ್ಟ.

ಟಚ್‌ಪ್ಯಾಡ್ ಓಡುತ್ತಿದೆ, ಹಾಗಾಗಿ ಕೇಬಲ್ ಸರಿಯಿದೆ ಅಂದುಕೊಂಡಿದ್ದೆ. ನೋಡಿದರೆ ನನ್ನ ಲ್ಯಾಪ್‌ಟಾಪ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಕೇಬಲ್!