ತೋಟದ ಲೈನ್ ಮನೆಯವರು ಊರಿನವರಾಗುವುದು ಯಾವಾಗ?

ಶಿಕ್ಷಕಿ, ಸಿದ್ದಾಪುರ:
ಕೊಡಗಿನಲ್ಲಿ ನಮ್ಮ ಸುತ್ತಲಿನ ಕಾಫಿ ತೋಟಗಳಿಗೆ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್‌ಗಳಿಂದ ಬಂದಿರುವ ಕುಟುಂಬಗಳ ಕುರಿತು ಚರ್ಚೆ ನಡೆಯಲಿ ಎಂದು ಈ ವಿಷಯವನ್ನು ಮುಂದಿಡುತ್ತಿದ್ದೇನೆ. ಕಾಫಿ ಕುಯ್ಲಿಗೆಂದು ವರ್ಷಾಂತ್ಯದಲ್ಲಿ ಬಂದು ಬೇಸಿಗೆಯ ಹೊತ್ತಿಗೆ ಹಿಂದಿರುಗುವವರು ಒಂದು ಕಡೆಯಾದರೆ, ಮೆಣಸು, ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು), ಗೊಬ್ಬರದ ಕೆಲಸವೆಂದು ಲೈನ್ ಮನೆಗಳಲ್ಲಿ, ಅಂದರೆ ತೋಟದ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ವಸತಿಗಳಲ್ಲಿ, ಉಳಿದುಬಿಟ್ಟವರು ಇನ್ನೊಂದು ಕಡೆ. ಉಳಿದವರ ಮಕ್ಕಳು ನಮ್ಮ ಶಾಲೆಯಲ್ಲಿ ಕನ್ನಡದಲ್ಲಿಯೇ ಓದುತ್ತಿದ್ದಾರೆ, ಕನ್ನಡದಲ್ಲಿಯೇ ಜಗಳವಾಡುತ್ತಾರೆ. ಆದರೆ ಅವರ ತಂದೆತಾಯಿ ಸಂತೆಗೆ ಬಂದು ಹೋಗುವುದನ್ನು ಬಿಟ್ಟರೆ ಊರಿನ ಯಾವ ಸಭೆಯಲ್ಲಿಯೂ, ಯಾವ ಹಬ್ಬದಲ್ಲಿಯೂ ಕಾಣಿಸುವುದಿಲ್ಲ. ಪಂಚಾಯಿತಿಯ ವತಿಯಿಂದ ಸಂಜೆಯ ಕನ್ನಡ ತರಗತಿ ಹಾಗೂ ವರ್ಷಕ್ಕೊಮ್ಮೆ ಒಂದು ಸ್ನೇಹಕೂಟವನ್ನು ಆರಂಭಿಸಬಹುದೇ? ಇದು ತಮ್ಮದೂ ಊರು ಎಂದು ಅವರಿಗೆ ಅನ್ನಿಸಬೇಕಾದರೆ ಮೊದಲು ಆಗಬೇಕಾದದ್ದೇನು ಎಂಬುದನ್ನು ಹಿರಿಯರು ತಿಳಿಸಬೇಕು.

ಸಣ್ಣ ಬೆಳೆಗಾರ, ಅಮ್ಮತ್ತಿ:
ಮೇಡಂ, ನಿಮ್ಮ ಕಾಳಜಿಯನ್ನು ಗೌರವಿಸುತ್ತೇನೆ. ಆದರೆ ತೋಟ ಎಂದೊಡನೆ ಎಲ್ಲರೂ ದೊಡ್ಡ ಕಂಪನಿಯ ಎಸ್ಟೇಟನ್ನೇ ಕಣ್ಣ ಮುಂದೆ ತಂದುಕೊಳ್ಳುತ್ತಾರೆ. ಕೊಡಗಿನ ಹಿಡುವಳಿಗಳಲ್ಲಿ ಬಹುಪಾಲು ನನ್ನದರಂತೆ ಸಣ್ಣವು. 1951ರ ತೋಟ ಕಾರ್ಮಿಕರ ಕಾಯ್ದೆ ವಸತಿ, ನೀರು, ಶಿಶುವಿಹಾರದ ಹೊಣೆಯನ್ನು ಹೊರಿಸಿದ್ದು ಕನಿಷ್ಠ ಐದು ಹೆಕ್ಟೇರ್ ಜಮೀನು ಮತ್ತು ಹದಿನೈದು ಕಾರ್ಮಿಕರಿರುವ ತೋಟಗಳ ಮೇಲೆ. ನನ್ನಲ್ಲಿಗೆ ಆಳುಗಳನ್ನು ಒದಗಿಸುವ ಮೇಸ್ತ್ರಿಯೊಬ್ಬ ಜೀಪಿನಲ್ಲಿ ಗುಂಪನ್ನು ಕರೆತರುತ್ತಾನೆ; ಹಣ್ಣು ಕುಯ್ದು ಮುಗಿದೊಡನೆ ಅದೇ ಗುಂಪು ಪಕ್ಕದ ತೋಟಕ್ಕೆ ಹೋಗುತ್ತದೆ. ಅವರು ಯಾರ ಆಳುಗಳು, ಯಾರ ಮನೆಯವರು ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಇದರ ಮೇಲೆ ಹೊರರಾಜ್ಯದವರ ಗುರುತಿನ ದಾಖಲೆಗಳನ್ನು ಠಾಣೆಗೆ ಕೊಡಬೇಕು. ಸುಳ್ಳು ಕಾರ್ಡು ಸಿಕ್ಕರೆ ಮೊದಲು ಪ್ರಶ್ನೆ ಬರುವುದು ಜಮೀನಿನ ಮಾಲೀಕನಿಗೆ. ಸ್ನೇಹಕೂಟಕ್ಕೆ ಚಂದಾ ಕೊಡಲು ನಾನು ಸಿದ್ಧ. ಹೊಣೆ ಹೊರಲು ಸಿದ್ಧನಿಲ್ಲ.

ತೋಟದ ರೈಟರ್, ಸುಂಟಿಕೊಪ್ಪ:
ನನ್ನ ತಾತ ತಮಿಳುನಾಡಿನಿಂದ ತೋಟದ ಕೆಲಸಕ್ಕೆ ಬಂದವರು, ಹಾಗಾಗಿ ಇದರಲ್ಲಿ ನನಗೂ ಮಾತಿದೆ. ನಮ್ಮನ್ನು ಯಾರೂ ಸ್ನೇಹಕೂಟಕ್ಕೆ ಕರೆದಿರಲಿಲ್ಲ. ಲೈನ್ ಮನೆಗಳ ಆಚೆ ನಮ್ಮ ಹಿರಿಯರನ್ನು ಹೆಸರಿಟ್ಟು ಕರೆಯುವವರೂ ಕಡಿಮೆಯಿದ್ದರು. ಪರಿಸ್ಥಿತಿ ಬದಲಾದದ್ದು ನಮ್ಮ ಲೈನಿನವರ ಹೆಸರುಗಳು ಇಲ್ಲಿನ ಮತದಾರರ ಪಟ್ಟಿಗೆ ಸೇರಿದ ಮೇಲೆ. ಅಲ್ಲಿಯವರೆಗೆ ಕುಡಿಯುವ ನೀರಿಗೆ ತೋಡಿಗೆ ಹೋಗುತ್ತಿದ್ದೆವು. ಪಟ್ಟಿಗೆ ಹೆಸರು ಸೇರಿದ ನಂತರದ ಚುನಾವಣೆಯಲ್ಲಿ ಅಭ್ಯರ್ಥಿಗಳು ಲೈನಿಗೆ ನಡೆದು ಬಂದರು, ಚುನಾವಣೆ ಮುಗಿದ ಮೇಲೆ ನಲ್ಲಿಯೂ ಬಂತು. ಪ್ರೀತಿಯಿಂದ ನೀರು ಬಂತೆಂದು ನಾನು ಹೇಳಲಾರೆ. ಆದರೆ ನಲ್ಲಿ ಬಂದ ಮೇಲೆ ಪಂಚಾಯಿತಿ ಕಚೇರಿಯ ಮೆಟ್ಟಿಲು ಹತ್ತುವಾಗ ನಮ್ಮ ಅಪ್ಪನ ನಡಿಗೆಯೇ ಬೇರೆಯಾಗಿತ್ತು. ಶಿಕ್ಷಕಿಯವರು ಕೇಳಿದ 'ಮೊದಲು ಏನು' ಎಂಬುದಕ್ಕೆ ನನ್ನ ಉತ್ತರ ವಿಳಾಸ, ಪಡಿತರ ಮತ್ತು ಓಟು. ಭಾಷೆ ತಾನಾಗಿ ಬರುತ್ತದೆ, ಹಬ್ಬವೂ ಬರುತ್ತದೆ.

ವ್ಯಾಪಾರಿ, ಕುಶಾಲನಗರ:
ಓಟಿಲ್ಲದೆಯೂ ನೆಲೆನಿಂತವರ ಉದಾಹರಣೆ ನಮ್ಮ ಸೇತುವೆಯ ಆಚೆಯೇ ಇದೆಯಲ್ಲ. ಬೈಲಕುಪ್ಪೆ ಪಿರಿಯಾಪಟ್ಟಣ ತಾಲ್ಲೂಕಿಗೆ, ಅಂದರೆ ಮೈಸೂರು ಜಿಲ್ಲೆಗೆ ಸೇರಿದ್ದರೂ ಅಲ್ಲಿನ ಟಿಬೆಟನ್ನರ ಪೇಟೆ ಕುಶಾಲನಗರವೇ. ಆಗಿನ ಮೈಸೂರು ರಾಜ್ಯ ಕೊಟ್ಟ ಸುಮಾರು 3,000 ಎಕರೆ ಕಾಡುಭೂಮಿಯಲ್ಲಿ 1960ರ ಸುಮಾರಿಗೆ ಮೊದಲ ತಂಡ ಬಂದು ಇಳಿಯಿತು. ಕಾಡು ಕಡಿದು, ಆನೆಗಳ ಕಾಟ ತಾಳಿಕೊಂಡು ಜೋಳ ಬೆಳೆದ ಆ ಕಾಲದ ಕಥೆಗಳನ್ನು ನಮ್ಮ ತಂದೆಯ ಗಿರಾಕಿಗಳು ಅಂಗಡಿಯ ಜಗಲಿಯ ಮೇಲೆ ಕೂತು ಹೇಳುತ್ತಿದ್ದರು. 1963ರಲ್ಲಿ ನಾಮ್‌ದ್ರೋಲಿಂಗ್ ಮಠ ಸ್ಥಾಪನೆಯಾಯಿತು. 1969ರಲ್ಲಿ ಎರಡನೆಯ ವಸಾಹತು ಬಂತು. ನೆಲ, ಶಾಲೆ, ಆಸ್ಪತ್ರೆ, ಸಹಕಾರ ಸಂಘ, ಪ್ರಾರ್ಥನೆಯ ಜಾಗ ಎಲ್ಲವೂ ಅವರ ಕೈಯಲ್ಲಿ ಇದ್ದುದರಿಂದ ಅವರು ಯಾರ ಮನೆಬಾಗಿಲಿಗೂ ಬಂದು ಕೈಯೊಡ್ಡಬೇಕಾಗಲಿಲ್ಲ; ವ್ಯಾಪಾರಕ್ಕೆ ಬಂದರು, ಸಮಾನರಾಗಿ ಬಂದರು. ಇಂದು ನನ್ನ ಅಂಗಡಿಯಲ್ಲಿ ಚೌಕಾಸಿ ಮಾಡುವ ಟಿಬೆಟನ್ ಅಜ್ಜಿಯ ಕನ್ನಡ ನನ್ನ ಮಗನ ಕನ್ನಡಕ್ಕಿಂತ ಚೆನ್ನಾಗಿದೆ. ತಮ್ಮತನವನ್ನು ಬಿಟ್ಟುಕೊಡದೆಯೇ ಒಂದು ಊರಿನವರಾಗಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕೇ?

ವಕೀಲ, ಮಡಿಕೇರಿ:
ಉದಾಹರಣೆ ಸೊಗಸಾಗಿದೆ, ಆದರೆ ಎರಡು ಬೇರೆ ವಿಷಯಗಳು ಇಲ್ಲಿ ಬೆರೆಯುತ್ತಿವೆ. ಟಿಬೆಟನ್ನರು ಕಾನೂನಿನ ದೃಷ್ಟಿಯಲ್ಲಿ ವಿದೇಶೀಯರಾಗಿ ಬಂದವರು. ಭಾರತವು 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾಯ್ದೆಯೂ ನಮ್ಮಲ್ಲಿಲ್ಲ. ಆದ್ದರಿಂದ ಅವರ ಬದುಕು ನಿಂತಿರುವುದು ನೋಂದಣಿ ಪತ್ರದ ಮೇಲೆ ಮತ್ತು ಸರ್ಕಾರದ ನೀತಿಯ ಮೇಲೆ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ನಾಗರಿಕರೆಂಬ ಪೌರತ್ವ ಕಾಯ್ದೆಯ ನಿಯಮ ಅವರಿಗೂ ಅನ್ವಯಿಸುತ್ತದೆ. ಆದರೂ ತಮ್ಮ ದೇಶದ ಹಂಬಲವನ್ನು ಬಿಡಲೊಲ್ಲದೆ ಅರ್ಜಿ ಹಾಕದೆ ಉಳಿದವರು ಅನೇಕರಿದ್ದಾರೆ. ಅಸ್ಸಾಂನಿಂದಲೋ ಜಾರ್ಖಂಡ್‌ನಿಂದಲೋ ಬಂದವರ ವಿಷಯ ಹಾಗಲ್ಲ. ದೇಶದ ಯಾವ ಭಾಗದಲ್ಲಿಯಾದರೂ ನೆಲೆಸುವ ಹಕ್ಕು ಸಂವಿಧಾನದ 19ನೇ ವಿಧಿಯಿಂದಲೇ ಅವರಿಗಿದೆ. ವಿಚಿತ್ರವೆಂದರೆ, ಪೂರ್ಣ ಹಕ್ಕುಳ್ಳ ಇವರ ಬಳಿ ನೆಲವೂ ಇಲ್ಲ, ಸಂಘವೂ ಇಲ್ಲ, ಬಂಗಾಳಿ ಮಾತಾಡಿದರೆ ಸಾಕು ಬಾಂಗ್ಲಾದೇಶದವರೆಂಬ ಅನುಮಾನವೊಂದು ಬೆನ್ನಿಗಿರುತ್ತದೆ.

ಅಮ್ಮತ್ತಿಯ ಬೆಳೆಗಾರರಿಗೊಂದು ಮಾತು. ಯಾರ ಆಳುಗಳು ಎಂಬುದಕ್ಕೆ ಉತ್ತರ 1979ರಲ್ಲಿಯೇ ಬರೆಯಲ್ಪಟ್ಟಿತ್ತು. ಆ ವರ್ಷದ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯ ಪ್ರಕಾರ ಐವರು ಅಥವಾ ಹೆಚ್ಚು ಜನರನ್ನು ಕರೆತರುವ ಗುತ್ತಿಗೆದಾರ ಪರವಾನಗಿ ಪಡೆಯಬೇಕಿತ್ತು ಮತ್ತು ಪ್ರತಿಯೊಬ್ಬರಿಗೂ ಭಾವಚಿತ್ರವಿರುವ ಪಾಸ್‌ಪುಸ್ತಕ ಕೊಡಬೇಕಿತ್ತು. ಈಗ ಆ ಕಾಯ್ದೆಯನ್ನೂ ತೋಟ ಕಾರ್ಮಿಕರ ಕಾಯ್ದೆಯನ್ನೂ ಸಂಸತ್ತು 2020ರಲ್ಲಿ ಅಂಗೀಕರಿಸಿದ ಕಾರ್ಮಿಕ ಸಂಹಿತೆಯಲ್ಲಿ ಅಡಕಗೊಳಿಸಲಾಗಿದೆ. ನಮ್ಮ ಮೇಸ್ತ್ರಿಗಳ ಕೈಯಲ್ಲಿ ಅಂಥ ಪುಸ್ತಕವನ್ನು ನೋಡಿದವರು ಈ ಚರ್ಚೆಯಲ್ಲಿ ಯಾರಾದರೂ ಇದ್ದರೆ ಹೇಳಲಿ.

ಹಾಡಿಯ ಪದವೀಧರ, ಪೊನ್ನಂಪೇಟೆ:
ಇಷ್ಟು ಹೊತ್ತು ಓದುತ್ತಾ ಕುಳಿತಿದ್ದೆ. ನಾನು ಹಾಡಿಯ, ಅಂದರೆ ಆದಿವಾಸಿ ವಸತಿಯ, ಯರವ ಸಮುದಾಯದವನು. ಈ ಜಿಲ್ಲೆಗೆ ಕಾಫಿ ಬರುವ ಮೊದಲಿನಿಂದಲೂ ಇಲ್ಲಿರುವವರ ಮಗ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ನಮ್ಮವರ ಗುಡಿಸಲುಗಳನ್ನು ಅರಣ್ಯಭೂಮಿಯೆಂದು ಕೆಡವಿದ್ದನ್ನು ನೀವೆಲ್ಲರೂ ಬಲ್ಲಿರಿ. ದೀರ್ಘ ಹೋರಾಟದ ನಂತರ ಬ್ಯಾಡಗೊಟ್ಟ, ಬಸವನಹಳ್ಳಿಗಳಲ್ಲಿ ಮನೆ ಸಿಕ್ಕಿತು, ಕಾಡು ಮಾತ್ರ ದೂರವಾಯಿತು. ದಿಡ್ಡಳ್ಳಿಯಲ್ಲಿ ಬಂದು ನಿಂತವರಲ್ಲಿ ಬಹಳಷ್ಟು ಮಂದಿ ತಲೆತಲಾಂತರದಿಂದ ತೋಟದ ಲೈನುಗಳಲ್ಲಿಯೇ ದುಡಿದವರು. ನೂರಾರು ವರ್ಷ ಇದ್ದವರಿಗೇ ಈ ಊರು ನಿಮ್ಮದೆಂದು ಬರೆದುಕೊಡದವರು, ನಿನ್ನೆ ಬಂದವರನ್ನು ಸ್ವಾಗತಿಸುವ ಬಗೆಯನ್ನು ಚರ್ಚಿಸುತ್ತಿರುವುದು ನನಗೆ ಕಸಿವಿಸಿ ಉಂಟುಮಾಡುತ್ತದೆ. ಇನ್ನೊಂದನ್ನೂ ನೇರವಾಗಿ ಹೇಳುತ್ತೇನೆ: ಹೊರಗಿನವರು ರಜೆ ಕೇಳುವುದಿಲ್ಲ, ಊರಿನ ಸಾವು-ಮದುವೆಗೆಂದು ಹೋಗುವುದಿಲ್ಲ ಎಂಬ ಕಾರಣಕ್ಕೆ ಕೆಲವು ತೋಟಗಳಲ್ಲಿ ನಮ್ಮವರನ್ನು ಕೆಲಸದಿಂದ ದೂರವಿಡಲಾಗಿದೆ.

ತೋಟದ ರೈಟರ್, ಸುಂಟಿಕೊಪ್ಪ:
ನಿಮ್ಮ ಮಾತಿನಲ್ಲಿ ಸತ್ಯವಿದೆ. ಹಾಜರಿ ಪುಸ್ತಕ ಬರೆಯುವ ನನಗೆ ಅದು ಕಾಣುತ್ತದೆ. ಆದರೆ ಅದರಿಂದ ಹೊರಡಬೇಕಾದ ತೀರ್ಮಾನ ಬೇರೆ ಎನ್ನುತ್ತೇನೆ. ಅವರಿಗೆ ಇಲ್ಲಿ ಹೇಳಕೇಳುವವರಿಲ್ಲ ಎಂಬ ಕಾರಣದಿಂದಲೇ ಅವರು ಅಗ್ಗವಾಗಿ ಸಿಗುತ್ತಾರೆ. ಸರ್ಕಾರ ನಿಗದಿಪಡಿಸಿದ ಕನಿಷ್ಠ ಕೂಲಿ ಎಲ್ಲರ ಕೈಗೂ ಒಂದೇ ಆಗಿ ತಲುಪಿದರೆ, ಮೇಸ್ತ್ರಿಯ ಕಮಿಷನ್ ಅದರಲ್ಲಿ ಕಳೆಯದಿದ್ದರೆ, ನಿಮ್ಮವರನ್ನು ಬಿಟ್ಟು ಅವರನ್ನು ಕರೆತರುವ ಲಾಭವೇ ಇಲ್ಲವಾಗುತ್ತದೆ. ಅಸ್ಸಾಂನಿಂದ ಬಂದವರಲ್ಲಿ ಕೆಲವರ ಪೂರ್ವಜರನ್ನು ಬ್ರಿಟಿಷರು ಛೋಟಾನಾಗಪುರದಿಂದ ಚಹಾ ತೋಟಗಳಿಗೆ ಒಯ್ದಿದ್ದರು. ಅವರೂ ಆದಿವಾಸಿಗಳೇ. ನಮ್ಮ ತೋಟದ ಹಿಂದಿನ ಗದ್ದೆಯಲ್ಲಿ ಅವರು ಕರಮ್ ಹಬ್ಬಕ್ಕೆ ಕೊಂಬೆ ನೆಟ್ಟು ಕುಣಿದಾಗ ಮೊದಲು ಹೋಗಿ ನಿಂತವರು ನಮ್ಮಲ್ಲಿನ ಯರವ ಹೆಂಗಸರು.

ಹಾಡಿಯ ಪದವೀಧರ, ಪೊನ್ನಂಪೇಟೆ:
ಸಮಾನ ಕೂಲಿಯ ಮಾತಿಗೆ ನನ್ನ ಒಪ್ಪಿಗೆಯಿದೆ. ಕಸಿವಿಸಿ ಹಾಗೆಯೇ ಇದೆ. ಗ್ರಾಮಸಭೆಯಲ್ಲಿ ವಲಸಿಗರ ವಿಷಯ ಬರುವುದಾದರೆ ಅದೇ ಸಭೆಯ ಕಾರ್ಯಸೂಚಿಯಲ್ಲಿ ನಮ್ಮ ಹಾಡಿಗಳ ಅರಣ್ಯ ಹಕ್ಕಿನ ಅರ್ಜಿಗಳೂ ಇರಲಿ. 2006ರ ಕಾಯ್ದೆಯಡಿ ಅವುಗಳನ್ನು ಪರಿಶೀಲಿಸುವ ಮೊದಲ ಅಧಿಕಾರ ಗ್ರಾಮಸಭೆಯದೇ.

ಶಿಕ್ಷಕಿ, ಸಿದ್ದಾಪುರ:
ಖಂಡಿತ ಇರಲಿ, ಗ್ರಾಮಸಭೆಗೆ ಕೊಡುವ ಅರ್ಜಿಯಲ್ಲಿ ಎರಡು ವಿಷಯವನ್ನೂ ಬರೆಯುತ್ತೇನೆ. ಸ್ನೇಹಕೂಟವನ್ನು ಸದ್ಯ ಬದಿಗಿಡೋಣ. ಮಕ್ಕಳ ವಿಷಯದಲ್ಲಿ ಒಂದು ಕೆಲಸ ನಮ್ಮ ಕೈಯಲ್ಲಿಯೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವಯಸ್ಸಿನ ದಾಖಲೆಯಿಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ವರ್ಗಾವಣೆ ಪತ್ರ ತಡವಾಯಿತೆಂದೂ ನಿರಾಕರಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಎಂಟು ವರ್ಷದ ಮಗುವನ್ನು ಕನ್ನಡ ಬರುವುದಿಲ್ಲವೆಂದು ಒಂದನೆಯ ತರಗತಿಯಲ್ಲಿ ಕೂರಿಸುವ ರೂಢಿ ಇನ್ನೂ ಕೆಲವೆಡೆ ಇದೆ. ತನಗಿಂತ ಚಿಕ್ಕವರ ನಡುವೆ ನಾಚಿಕೆಯಿಂದ ಕೂರುವ ಆ ಮಗು ಕುಯ್ಲು ಮುಗಿದ ಮೇಲೆ ಶಾಲೆಗೆ ಹಿಂದಿರುಗುವುದಿಲ್ಲ. ಕುಯ್ಲಿನ ತಿಂಗಳುಗಳಲ್ಲಿ ದೊಡ್ಡ ಮಕ್ಕಳು ತಮ್ಮಂದಿರನ್ನು ನೋಡಿಕೊಳ್ಳಲು ಲೈನಿನಲ್ಲಿ ಉಳಿಯುತ್ತಾರೆ. ಹತ್ತಿರದ ಅಂಗನವಾಡಿಗೆ ಆ ತಮ್ಮಂದಿರು ಸೇರಿದರೆ ಅಕ್ಕಂದಿರು ಶಾಲೆಗೆ ಬರುತ್ತಾರೆ. ಇದು ನಾನು ಕಣ್ಣಾರೆ ಕಂಡದ್ದು.

ವಕೀಲ, ಮಡಿಕೇರಿ:
ಪಡಿತರದ ಬಗ್ಗೆಯೂ ಹೇಳಿಬಿಡುತ್ತೇನೆ. 'ಒಂದು ದೇಶ, ಒಂದು ಪಡಿತರ ಚೀಟಿ' ವ್ಯವಸ್ಥೆಯಲ್ಲಿ ಜಾರ್ಖಂಡ್‌ನ ಚೀಟಿಗೂ ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಆಹಾರ ಭದ್ರತಾ ಕಾಯ್ದೆಯ ಧಾನ್ಯವನ್ನು ಪಡೆಯಬಹುದು; ತಮ್ಮ ಪಾಲನ್ನು ಇಲ್ಲಿ ಪಡೆದು ಊರಿನಲ್ಲಿ ಉಳಿದವರ ಪಾಲನ್ನು ಅಲ್ಲಿಯೇ ಬಿಡಬಹುದು. ಮತದಾರರ ಪಟ್ಟಿಗೆ ಸೇರಲು ಸಾಮಾನ್ಯವಾಗಿ ವಾಸಿಸುವ ಸ್ಥಳವೆಂದು ತೋರಿಸಬೇಕು, ಹಳೆಯ ಊರಿನ ಹೆಸರನ್ನು ಬಿಡಬೇಕು. ವರ್ಷವಿಡೀ ಇಲ್ಲಿರುವವರಿಗೆ ಇದು ಸರಿ. ಕುಯ್ಲಿಗೆ ಬಂದು ಹೋಗುವವರಿಗೆ ನಾನು ಇದನ್ನು ಸಲಹೆ ಮಾಡಲಾರೆ, ಏಕೆಂದರೆ ಅಲ್ಲಿನ ಹಿಡಿತವನ್ನು ಕಳೆದುಕೊಂಡು ಇಲ್ಲಿ ಏನೂ ಸಿಗದಂತಾಗಬಾರದು. ಎಲ್ಲದರ ಬುಡದಲ್ಲಿ ಬೇಕಾಗಿರುವುದು ಇವರು ಇಂಥ ಲೈನ್ ಮನೆಯಲ್ಲಿದ್ದಾರೆ ಎಂದು ತೋಟದವರು ಬರೆದುಕೊಡುವ ಒಂದು ಪತ್ರ ಮತ್ತು ಅದರ ಮೇಲೆ ಪಂಚಾಯಿತಿಯ ದೃಢೀಕರಣ.

ಸಣ್ಣ ಬೆಳೆಗಾರ, ಅಮ್ಮತ್ತಿ:
ಆ ಪತ್ರವೇ ನಮಗೆಲ್ಲ ಇರುವ ಭಯ. ನಾಳೆ ಅದನ್ನೇ ಹಿಡಿದು ಮನೆ ನನ್ನದು ಎಂದರೆ?

ವಕೀಲ, ಮಡಿಕೇರಿ:
ಕೆಲಸದ ಕಾರಣಕ್ಕಾಗಿ, ಕೆಲಸ ಇರುವವರೆಗೆ ವಾಸಕ್ಕೆ ಕೊಟ್ಟಿದೆ, ಬಾಡಿಗೆ ಪಡೆಯುತ್ತಿಲ್ಲ ಎಂದು ಪತ್ರದಲ್ಲಿಯೇ ಸ್ಪಷ್ಟವಾಗಿ ಬರೆಯಿರಿ. ಈಗ ಏನನ್ನೂ ಬರೆಯದೆ ವರ್ಷಗಟ್ಟಲೆ ಇರಗೊಡುವುದೇ ನಿಮಗೆ ಹೆಚ್ಚು ಅಪಾಯ. ಅಲ್ಲದೆ ಠಾಣೆಗೆ ನೀವು ಕೊಡುವ ವಿವರವೂ ಇದೇ ತಾನೇ? ಪೊಲೀಸರಿಗೆ ಬರೆದುಕೊಡುವುದನ್ನು ಪಂಚಾಯಿತಿಗೂ ಬರೆದುಕೊಡಿ ಎಂದಷ್ಟೇ ಕೇಳುತ್ತಿದ್ದೇವೆ.

ಸಣ್ಣ ಬೆಳೆಗಾರ, ಅಮ್ಮತ್ತಿ:
ಕರಡು ಕಳುಹಿಸಿ, ನೋಡುತ್ತೇನೆ. ನನ್ನ ಲೈನಿನಲ್ಲಿ ಕಾಯಂ ಇರುವ ಎರಡು ಸಂಸಾರಕ್ಕೆ ಸಹಿ ಹಾಕಲು ಅಡ್ಡಿಯಿಲ್ಲ. ಮೇಸ್ತ್ರಿ ಪೇಟೆಯ ಬಾಡಿಗೆ ಕೋಣೆಯಲ್ಲಿ ಹತ್ತು ಹನ್ನೆರಡು ಜನರನ್ನು ಒಟ್ಟಿಗೆ ತುಂಬಿಸಿರುವ ಗುಂಪಿಗೆ ನಾನು ಸಹಿ ಹಾಕುವುದಿಲ್ಲ. ಅದು ಆ ಕೋಣೆಯ ಮಾಲೀಕರ ಕೆಲಸ.

ಶಿಕ್ಷಕಿ, ಸಿದ್ದಾಪುರ:
ಆ ಮಾಲೀಕರಲ್ಲಿ ಇಬ್ಬರ ಮಕ್ಕಳು ನಮ್ಮ ಶಾಲೆಯವರೇ. ಗ್ರಾಮಸಭೆಗೆ ಮೊದಲು ನಾನೇ ಹೋಗಿ ಕೇಳುತ್ತೇನೆ.